ತಮ್ಮನ ಗೆರೆ, ನನ್ನ ಮಶೀನು

ಮೊನ್ನೆ ದೇವರ ಕೋಣೆಗೆ ಬಾಗಿಲು ಮಾಡಿಸಲೆಂದು ಅಂಕೋಲೆಯ ಒಂದು ಅಂಗಡಿಗೆ ಹೋಗಿದ್ದೆ. ಒಳಗೆ ಮಂಚದಷ್ಟು ದೊಡ್ಡ ಸಿಎನ್‌ಸಿ ಮಶೀನು ತನ್ನ ಪಾಡಿಗೆ ತಾನು ಜಾಲರಿ ಕೊರೆಯುತ್ತಿತ್ತು. ಈಗ ಊರೂರಿಗೂ ಇಂಥ ಮಶೀನು ಬಂದಿದೆ, ಅದರಲ್ಲಿ ನೋಡುವಂಥದ್ದೇನಿಲ್ಲ. ಆದರೆ ಎಂಡಿಎಫ್ ಹಲಗೆಯ ಹುಡಿ ಬಿಸಿಯಾಗಿ ಏಳುವ ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಗಿಲಿನ ಅಳತೆ ಹೇಳುವುದನ್ನೇ ಮರೆತೆ. ಮಲ್ಲಿಗೆಯ ವಾಸನೆಗೆ ಕೆಲವರಿಗೆ ಮದುವೆಯ ದಿನ ನೆನಪಾಗುತ್ತದಂತೆ. ನನಗೆ ಈ ಹುಡಿಯ ವಾಸನೆಗೆ ನೆನಪಾಗುವುದು ನನ್ನ ತಮ್ಮ ಮಂಜುನಾಥ, ಅವನ ಮೇಲೆ ನನಗಿದ್ದ ಹೊಟ್ಟೆಕಿಚ್ಚು, ಮತ್ತು ಎರಡು ಸಾವಿರದ ಏಳರ ಮಳೆಗಾಲ.

ಮಂಜು ನನಗಿಂತ ಚಿಕ್ಕವನು. ಓದು ತಲೆಗೆ ಹತ್ತಲಿಲ್ಲ. ಶೆಟಗೇರಿಯ ಮನೆಯಲ್ಲಿ ಹೆತ್ತ ಆಯಿಯ ಜೊತೆ ಇದ್ದುಕೊಂಡು ಗದ್ದೆ ನೋಡಿಕೊಳ್ಳುತ್ತ, ಬೇಲೆಕೇರಿಯಿಂದ ಬೈತಖೋಲಿನವರೆಗೆ ಮೀನುಗಾರರ ಬೋಟುಗಳ ಮೇಲೆ ಹೆಸರು ಬರೆಯುತ್ತಿದ್ದ. ನಾನು ಡಿಪ್ಲೊಮಾ ಮುಗಿಸಿ ಕೈಗಾದ ಅಣುಸ್ಥಾವರದಲ್ಲಿ ನೌಕರಿ ಹಿಡಿದು ಕಾರವಾರದ ಕೋಡಿಬಾಗದಲ್ಲಿ ಬಾಡಿಗೆ ಮನೆ ಮಾಡಿದ್ದೆ. ನ್ಯಾಯವಾಗಿ ನೋಡಿದರೆ ಹೊಟ್ಟೆಕಿಚ್ಚು ಪಡಬೇಕಾದವನು ಅವನು. ಆದರೆ ದೇವರು ಅವನ ಕೈಗೆ ಅದೇನು ಕೊಟ್ಟಿದ್ದನೋ, ಪಟ್ಟಿ ಇಲ್ಲದೆ, ಪೆನ್ಸಿಲಿನ ಗುರುತಿಲ್ಲದೆ, ಬಾಯಲ್ಲಿ ಎಲೆ ಅಡಿಕೆ ಜಗಿಯುತ್ತಲೇ ಅವನು ಎಳೆದ ಗೆರೆ ಹೇಗೆ ಬೇಕೋ ಹಾಗೆ ಬಳುಕುತ್ತಿತ್ತು. ನಾನು ಸ್ಕೇಲು ಇಟ್ಟು ಎಳೆದ ಗೆರೆಯೂ ಅದರ ಮುಂದೆ ಸೊಟ್ಟಗೆ ಕಾಣುತ್ತಿತ್ತು.

ಅವನ ಕೈಯ ಮಹಿಮೆ ಊರಿಗೆಲ್ಲ ಕಾಣುತ್ತಿದ್ದದ್ದು ಚೌತಿಗೆ. ನಮ್ಮ ಕಡೆ ಚೌತಿ ಎಂದರೆ ಊರೆಲ್ಲ ಮನೆಮನೆ ತಿರುಗುವ ಹಬ್ಬ. ಯಾರ ಮನೆಯ ಗಣಪತಿ ಹೇಗಿದೆ, ಮೇಲೆ ಕಟ್ಟುವ ಫಲಾವಳಿಯಲ್ಲಿ ಏನೇನು ಹಣ್ಣು, ಏನೇನು ಕಾಯಿ ಇದೆ, ಮಖರ ಯಾವ ನಮೂನೆಯದು ಎಂದು ನೋಡಿ, ಪಂಚಕಜ್ಜಾಯ ಬಾಯಿಗೆ ಹಾಕಿಕೊಂಡು, ಮುಂದಿನ ಮನೆಗೆ ಹೋಗಿ ಹಿಂದಿನ ಮನೆಯದನ್ನು ಹೇಳುವುದು. ಮಖರ ಎಂದರೆ ಗಣಪತಿಯನ್ನು ಕೂರಿಸುವ ಅಲಂಕಾರದ ಮಂಟಪ. ನಮ್ಮ ಮನೆಯದನ್ನು ಮಂಜು ಥರ್ಮಾಕೋಲಿನಲ್ಲಿ ಬ್ಲೇಡು ಹಿಡಿದು ಕೊರೆಯುತ್ತಿದ್ದ. ಬಳ್ಳಿ, ಎಲೆ, ಹಂಸ, ಕಮಾನು, ಪ್ರತಿ ವರ್ಷ ಬೇರೆ ಬೇರೆ. ಅದನ್ನು ನೋಡಲೆಂದೇ ಅಂಕೋಲೆ ಪೇಟೆಯಿಂದ ಜನ ಬರುತ್ತಿದ್ದರು. ಅದರ ಹಿಂದೆ ನಿಂತು ಬಣ್ಣದ ಲೈಟಿನ ವಯರು ಎಳೆಯುವುದು ನನ್ನ ಕೆಲಸ. ವಯರು ಚೆಂದ ಎಳೆದಿದ್ದೀ ಎಂದು ಇದುವರೆಗೆ ಒಬ್ಬನೂ ಹೇಳಿದವನಿಲ್ಲ. ಲೈಟು ಹತ್ತದಿದ್ದರೆ ಮಾತ್ರ ನನ್ನ ಹೆಸರು ಹಿಡಿದು ಕೂಗುತ್ತಿದ್ದರು.

ಇದೆಲ್ಲ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಬೇರೆಯೇ. ಮಂಜುವಿಗೆ ನನ್ನ ಮೇಲೆ ಒಂದು ಚೂರೂ ಹೊಟ್ಟೆಕಿಚ್ಚಿರಲಿಲ್ಲ. ನನಗೆ ನೌಕರಿ ಸಿಕ್ಕಾಗ ಊರಿಗೆಲ್ಲ ಪೇಡೆ ಹಂಚಿದವನು ಅವನು. ನಾನು ಬೈಕು ಕೊಂಡಾಗ ಅದರ ಟ್ಯಾಂಕಿನ ಮೇಲೆ ತನ್ನ ಕೈಯಾರೆ ಹೂವು ಬರೆದುಕೊಟ್ಟವನು ಅವನು. ಆಮೇಲೆ ಎಲ್ಲರೂ ನೋಡಿದ್ದು ಬೈಕನ್ನಲ್ಲ, ಹೂವನ್ನು. ಒಂದೇ ಒಂದು ಸಲ, ನನ್ನ ಕೈಯ ಕೆಲಸ ನೋಡಿ ಅವನ ಮುಖ ಸಣ್ಣದಾಗಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ.

ಮಳೆ ಹಿಡಿದು ಬೋಟುಗಳನ್ನೆಲ್ಲ ದಡಕ್ಕೆ ಎಳೆದ ಮೇಲೆ ಮಂಜುವಿಗೆ ಕೈತುಂಬ ಕೆಲಸ. ಬೋಟುಗಳಿಗೆ ಹೊಸ ಬಣ್ಣ, ಹೊಸ ಹೆಸರು ಬರೆಸುವುದು ಆಗಲೇ. ಒಂದು ಬೆಳಗ್ಗೆ ಕೈಗಾದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನ ದಾಮೋದರ ಶುರು ಮಾಡಿದ. ಅವನದು ಅರ್ಗಾದ ಮೀನುಗಾರರ ಮನೆ, ಅವನ ಅಣ್ಣನಿಗೆ ಸ್ವಂತ ಬೋಟಿತ್ತು.

"ನಿನ್ ತಮ್ಮ ನಮ್ ಅಣ್ಣನ ಬೋಟಿಗೆ ಹೆಸ್ರು ಬರ್ದಾ, ಕಂಡ್ಯಾ ರೇ? ಅಕ್ಷರ ಅಂದ್ರೆ ಅಕ್ಷರ. ಬೋಟು ದಡದ ಮೇಲೆ ನಿಂತಲ್ಲೇ ಹೊಂಟ ಹಾಂಗೆ ಕಾಣ್ತದೆ."

"ಹೌದಾ" ಎಂದೆ.

"ನಿಂಗೂ ಬರ್ತದಾ, ಹಾಂಗೆ ಬರೂಕೆ?"

"ಇಲ್ಲ."

"ಎಲ್ಲರಿಗೂ ಎಲ್ಲಿ ಬರ್ತದೆ ಬಿಡು" ಎಂದು ಅವನು ನನ್ನನ್ನು ಸಮಾಧಾನ ಮಾಡಿದ. ಸಮಾಧಾನ ಮಾಡದೇ ಇದ್ದಿದ್ದರೆ ಮಶೀನಿನ ಸುದ್ದಿಯೇ ಹುಟ್ಟುತ್ತಿರಲಿಲ್ಲವೇನೋ. ಮಲ್ಲಾಪುರ ದಾಟಿ ಕಾಡಿನ ರಸ್ತೆ ಹತ್ತುವಷ್ಟರಲ್ಲಿ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಈ ಸಲದ ಚೌತಿಯ ಮಖರ ನಾನೇ ಮಾಡುವುದು. ಕೈಯಲ್ಲಿ ಬರದಿದ್ದರೆ ಕೈಗಿಂತ ಚಲೋ ಕೊರೆಯುವ ಒಂದು ಮಶೀನು ಮಾಡುವುದು.

ಮನೆಯಲ್ಲೇ ಸಿಎನ್‌ಸಿ ಕಟ್ಟಿಕೊಂಡ ಹವ್ಯಾಸಿಗಳ ಫೋಟೋಗಳನ್ನು ನಾನು ಇಂಟರ್‌ನೆಟ್ಟಿನಲ್ಲಿ ಆಗಲೇ ನೋಡಿ ಬಾಯಿ ಚಪ್ಪರಿಸುತ್ತಿದ್ದೆ. ಸಂಗತಿ ಹೇಳಲು ಸುಲಭ. ಒಂದು ಮೇಜು, ಅದರ ಮೇಲೆ ಅಡ್ಡ, ಉದ್ದ, ಮೇಲೆ ಕೆಳಗೆ ಓಡಾಡುವ ಒಂದು ಕೊರೆಯುವ ಯಂತ್ರ. ಕಂಪ್ಯೂಟರಿನಲ್ಲಿ ಗೆರೆ ಹಾಕಿದರೆ ಅದೇ ಗೆರೆಯ ಮೇಲೆ ಅದು ಓಡುತ್ತದೆ. ಕಟ್ಟಲು ಹೊರಟಾಗ ಗೊತ್ತಾಗುತ್ತದೆ ಅದರ ಸುಖ. ಕೈಗಾದಿಂದ ಒಂದು ಮೊಳೆ ಕೂಡ ಹೊರಗೆ ತರುವಂತಿಲ್ಲ, ತರುವ ಮನಸ್ಸೂ ನನಗಿರಲಿಲ್ಲ. ಹುಬ್ಬಳ್ಳಿಯ ಗುಜರಿಯಲ್ಲಿ ಹಳೆಯ ಪ್ರಿಂಟರುಗಳನ್ನು ಹುಡುಕಿ ತಂದು ಹೊಟ್ಟೆ ಬಗೆದು ಮೋಟಾರು ತೆಗೆದೆ. ಮೇಜಿನ ಖಾನೆಗೆ ಹಾಕುವ ಡ್ರಾವರ್ ಚಾನೆಲ್ಲುಗಳೇ ಹಳಿ. ಹಾರ್ಡ್‌ವೇರ್ ಅಂಗಡಿಯ, ಸ್ಕ್ರೂವಿನಂತೆ ಸುತ್ತು ಕೊರೆದ ಉದ್ದದ ಥ್ರೆಡ್ ರಾಡು ತಿರುಗಿದರೆ ಮಶೀನು ಮುಂದೆ ಹೋಗಬೇಕು. ಚೌಕಟ್ಟಿಗೆ, ಮರದ ಹುಡಿ ಅಂಟಿಸಿ ಒತ್ತಿದ ಎಂಡಿಎಫ್ ಹಲಗೆ, ಏಕೆಂದರೆ ಅದು ನಯವಾಗಿರುತ್ತದೆ, ಕೊಯ್ಯಲು ಸುಲಭ. ಹಿತ್ತಿಲ ಜಗುಲಿಗೆ ತಗಡಿನ ಮರೆ ಕಟ್ಟಿ, ರಜೆಯ ದಿನವೆಲ್ಲ ಅಲ್ಲೇ ಬಿದ್ದುಕೊಂಡೆ. ಹೊರಗೆ ಕಾಳಿ ನದಿಯ ಕಡೆಯಿಂದ ಗಾಳಿ ಮಳೆ ಹೊಡೆಯುತ್ತಿತ್ತು, ಒಳಗೆ ನಾನು ಬೆಸುಗೆಯ ಹೊಗೆಗೆ ಕಣ್ಣು ಉಜ್ಜಿಕೊಳ್ಳುತ್ತಿದ್ದೆ.

ಮಶೀನು ಮೊದಲ ಸಲ ತಾನಾಗಿ ಅಲ್ಲಾಡಿದ ದಿನ ನಾನು ಮಕ್ಕಳಂತೆ ಕುಣಿದದ್ದು ನಿಜ. ಒಂದು ವೃತ್ತ ಕೊರೆಯಿತು. ವೃತ್ತವೇ ಆಗಿತ್ತು. ಹೆಂಡತಿ ಶೈಲಾ ಬಂದು ನೋಡಿ, "ಚಲೋ ಆಯ್ದು. ಮಂಜಣ್ಣಂಗೆ ತೋರ್ಸ್ಬೇಕು" ಎಂದಳು. ಅವಳ ಬಾಯಲ್ಲೂ ಮೊದಲು ಬರುವ ಹೆಸರು ಅವನದೇ.

ಆಮೇಲೆ ಮಳೆ ತನ್ನ ಆಟ ತೋರಿಸಿತು. ಕಾರವಾರದ ಮಳೆಗಾಲದಲ್ಲಿ ಉಪ್ಪು ನೀರಾಗುತ್ತದೆ, ಬೆಂಕಿಪೆಟ್ಟಿಗೆ ಹತ್ತುವುದಿಲ್ಲ, ಗೋಡೆ ಬೆವರುತ್ತದೆ. ಎಂಡಿಎಫ್ ಹಲಗೆಗೆ ತೇವ ತಾಗಿದರೆ ಹಪ್ಪಳದಂತೆ ಉಬ್ಬುತ್ತದೆ. ಅದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಅದಕ್ಕೆಂದೇ ನಮ್ಮ ಕರಾವಳಿಯ ಪ್ರತಿ ಮನೆಯಲ್ಲೂ ಇರುವ ಉಪಾಯ ಮಾಡಿದ್ದೆ. ರೇಷ್ಮೆ ಸೀರೆಗೆ ಬೂಸ್ಟು ಹಿಡಿಯದಿರಲೆಂದು ಕಪಾಟಿನೊಳಗೆ ಬಲ್ಬು ಹಚ್ಚಿಡುತ್ತೇವಲ್ಲ, ಹಾಗೆಯೇ ಮಶೀನಿಗೆ ತಾಡಪತ್ರಿ ಹೊದಿಸಿ ಅದರೊಳಗೆ ಒಂದು ಬಲ್ಬು ಹಚ್ಚಿಟ್ಟೆ. ಪ್ಲಗ್ಗು ಎಡಗಡೆಯ ಗೋಡೆಯಲ್ಲಿತ್ತು, ಹಾಗಾಗಿ ಬಲ್ಬೂ ಎಡಗಡೆ. ಕೆಲವು ದಿನ ಬಿಟ್ಟು ತೆಗೆದು ನೋಡಿದರೆ ಎಡಗಡೆಯ ಹಲಗೆ ಒಣಗಿ ಕುಗ್ಗಿತ್ತು, ಬಲಗಡೆಯದು ತೇವ ಕುಡಿದು ಉಬ್ಬಿತ್ತು, ಮಶೀನು ಸೊಂಟ ಉಳುಕಿದವರ ಹಾಗೆ ತಿರುಚಿಕೊಂಡು ನಿಂತಿತ್ತು. ವೃತ್ತ ಕೊರೆ ಎಂದರೆ ಕೋಳಿಮೊಟ್ಟೆ ಕೊರೆಯಿತು.

ಶೈಲಾ ಎಷ್ಟೋ ಹೊತ್ತು ನಗು ತಡೆದುಕೊಂಡು ಆಮೇಲೆ ಹೇಳಿದಳು. "ರೀ, ಸೀರೆಯಾದ್ರೆ ನಾ ಆಗಾಗ ಮಗುಚಿ ಇಡ್ತೆ. ನಿಮ್ ಮಶೀನ್ ಮಗುಚಿದ್ರಾ?"

ಅದೇ ದಿನ ಶೆಟಗೇರಿಯಿಂದ ಮಂಜುವಿನ ಫೋನು. "ಅಣ್ಣ, ಮಶೀನ್ ಆಯ್ತಾ? ಅತ್ಗೆ ಹೇಳ್ದು, ದುಂಡಗೆ ಕೊರೀತದಂತೆ. ನಾ ಇಲ್ಲಿ ಎಲ್ಲರಿಗೂ ಹೇಳ್ಬಿಟ್ಟೆ, ಈ ಸಲದ ಮಖರ ಅಣ್ಣಂದು ಅಂತ." ಅವನ ದನಿಯಲ್ಲಿ ಎಲ್ಲಾದರೂ ಒಂದು ಎಳೆ ಕಹಿ ಇದೆಯೇ ಎಂದು ಕಿವಿಗೊಟ್ಟು ಕೇಳಿದೆ. ಇರಲಿಲ್ಲ. ಫೋನಿಟ್ಟು ಸೀದಾ ಹೋಗಿ ಮಶೀನನ್ನು ಬಿಚ್ಚಿಹಾಕಿದೆ.

ಎರಡನೆಯ ಸಲ ಕಟ್ಟಿದ್ದು ಅಲ್ಯೂಮಿನಿಯಮ್ಮಿನಲ್ಲಿ. ಕಿಟಕಿ ಮಾಡುವ ಅಂಗಡಿಯಲ್ಲಿ ಉಳಿದ ಚೌಕದ ಪೈಪುಗಳನ್ನು ಆರಿಸಿ ತಂದೆ. ಡ್ರಾವರ್ ಚಾನೆಲ್ಲು ಹೋಗಿ ಬೇರಿಂಗು ಬಂತು. ಪ್ರಿಂಟರಿನ ಬಡಕಲು ಮೋಟಾರು ಹೋಗಿ ಕೊರಿಯರಿನಲ್ಲಿ ಗಟ್ಟಿ ಮೋಟಾರು ಬಂತು. ಉಪ್ಪುಗಾಳಿಗೆ ರಾಡು ತುಕ್ಕು ಹಿಡಿಯದಂತೆ ಪ್ರತಿದಿನ ಎಣ್ಣೆ ಒರೆಸಿದೆ, ಅಷ್ಟು ಆರೈಕೆಯನ್ನು ನಾನು ನನ್ನ ಬೈಕಿಗೂ ಮಾಡಿದವನಲ್ಲ. ಈಗ ಮಶೀನು ಚೌಕ ಎಂದರೆ ಚೌಕ, ದುಂಡು ಎಂದರೆ ದುಂಡು. ನಡುವೆ ಕರೆಂಟು ಹೋದರೆ ಮಾತ್ರ ತಾನು ಎಲ್ಲಿದ್ದೆ ಎಂಬುದನ್ನೇ ಮರೆತು ಎಲ್ಲೆಲ್ಲೋ ಕೊರೆಯುತ್ತಿತ್ತು, ಅದಕ್ಕೆ ಮನೆಯ ಇನ್ವರ್ಟರನ್ನೇ ಕಟ್ಟಿದೆ. ಶೈಲಾ ಆ ದಿನಗಳಲ್ಲಿ ಫ್ಯಾನಿಲ್ಲದೆ ಬೆವರುತ್ತ ಕೂತಿದ್ದಳು.

ಥರ್ಮಾಕೋಲು ಕೊರೆಸಿ ನೋಡಿದೆ. ಅದರ ಕಾಳುಗಳು ಎದ್ದು ಮನೆಯೆಲ್ಲ ಹಾರಾಡಿ ಅನ್ನದಲ್ಲೂ ಸಿಕ್ಕಿದವು. ಅದನ್ನು ಬಿಟ್ಟು ಬೋರ್ಡು ಬರೆಯುವವರು ಬಳಸುವ ಬಿಳಿಯ ಫೋಮ್ ಶೀಟು ತಂದೆ. ಅದು ಬೆಣ್ಣೆಯ ಹಾಗೆ ಕೊರೆಯಿತು. ಇನ್ನು ಬೇಕಾದದ್ದು ಚಿತ್ರ ಮಾತ್ರ. ಆಗಲೇ ನಾನು ಎಂಥ ಗುಂಡಿಗೆ ಬಿದ್ದಿದ್ದೇನೆ ಎಂದು ತಿಳಿದದ್ದು. ಮಶೀನು ಯಾವ ಗೆರೆಯ ಮೇಲಾದರೂ ಓಡುತ್ತದೆ, ಆದರೆ ಗೆರೆ ಯಾರು ಹಾಕುವುದು? ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಚಿತ್ರಗಳೆಂದರೆ ಕೊಂಬಿನ ಜಿಂಕೆ, ಗರುಡನಂಥ ಹಕ್ಕಿ, ಕೂಗುವ ತೋಳ. ಜಿಂಕೆಯನ್ನು ಕೊರೆಸಿದೆ. ಕೊಂಬಿನ ತುದಿಯೂ ಮುಕ್ಕಾಗದೆ ಬಂತು.

"ಗಣಪತಿಗೆ ಇಲಿ ಇತ್ತು" ಎಂದಳು ಶೈಲಾ. "ಈ ವರ್ಷ ಜಿಂಕೆ ಮೇಲೆ ಬರ್ತ್ನಾ?"

ನಾನೇ ಒಂದು ಬಳ್ಳಿ ಬರೆಯಲು ಕೂತೆ. ಕಂಪ್ಯೂಟರಿನಲ್ಲಿ ನಾನು ಬರೆದ ಬಳ್ಳಿ ನೀರಿನ ಪೈಪಿನ ಹಾಗೆ ಕಂಡಿತು, ಎಲೆಗಳು ನಲ್ಲಿಯ ಹಾಗೆ. ಚೌತಿ ಹತ್ತಿರ ಬರುತ್ತಿತ್ತು. ಮಂಜು ಊರಿಗೆಲ್ಲ ಸಾರಿಬಿಟ್ಟಿದ್ದ. ಬೇರೆ ದಾರಿ ಇಲ್ಲದೆ ಒಂದು ಭಾನುವಾರ ಶೆಟಗೇರಿಗೆ ಹೋದೆ. ಮನೆಯ ಮುಂದೆ ಗದ್ದೆ ಹಸಿರಾಗಿ ನಿಂತಿತ್ತು, ಮಂಜು ಜಗುಲಿಯಲ್ಲಿ ಕೂತು ಕಾಲಿನ ಕೆಸರು ಕೆರೆಯುತ್ತಿದ್ದ.

"ಮಂಜು, ಒಂದು ಬಳ್ಳಿ ಬರ್ದು ಕೊಡ್ತ್ಯಾ?" ಎಂದೆ. ಇಷ್ಟು ಹೇಳಲು ಬಸ್ಸಿನಲ್ಲಿ ದಾರಿಯುದ್ದಕ್ಕೂ ತಾಲೀಮು ಮಾಡಿದ್ದೆ.

ಯಾಕೆ ಏನು ಎಂದು ಅವನು ಕೇಳಲಿಲ್ಲ. ಕೈ ತೊಳೆದು ಬಂದು, ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ಹಾಕಿ, ನೆಲದ ಮೇಲೆ ಬಗ್ಗಿ ಬರೆಯತೊಡಗಿದ. ನಡುವೆ ಆಯಿ ಒಳಗಿಂದ "ಊಟಕ್ಕೆ ಬನ್ನಿ, ಸಾರು ಆರ್ತದೆ" ಎಂದು ಕರೆದಳು. ಅವನು "ಬಂದೆ" ಎನ್ನುತ್ತ ಅತ್ತ ತಿರುಗಿ, ಮತ್ತೆ ಬಗ್ಗಿ ಮುಗಿಸಿದ. ಆಯಿ ಅನ್ನ ಬಡಿಸುವುದರೊಳಗೆ ನಾನು ವಾರಗಟ್ಟಲೆ ಒದ್ದಾಡಿದ್ದು ಹಾಳೆಯ ಮೇಲಿತ್ತು. ಕಮಾನಿನ ಬುಡದಿಂದ ಹೊರಟ ಬಳ್ಳಿ ತುದಿಯವರೆಗೆ ಉಸಿರು ಬಿಡದೆ ಏರಿತ್ತು. ನಾನು ಊಟ ಮಾಡಿದೆ, ಏನು ತಿಂದೆ ಎಂದು ಗೊತ್ತಾಗಲಿಲ್ಲ.

ಹಾಳೆಯನ್ನು ಸ್ಕ್ಯಾನ್ ಮಾಡಿಸಿ, ಕಂಪ್ಯೂಟರಿನಲ್ಲಿಟ್ಟು, ಅವನ ಗೆರೆಯ ಮೇಲೆ ನನ್ನ ಗೆರೆ ಕೂರಿಸಬೇಕಾಗಿತ್ತು. ಆ ಕೆಲಸದಷ್ಟು ಹೊಟ್ಟೆ ಉರಿಸಿದ್ದು ಇನ್ನೊಂದಿಲ್ಲ. ಮೌಸು ಹಿಡಿದು ಚುಕ್ಕಿ ಚುಕ್ಕಿಯಾಗಿ ಅವನ ಕೈಯ ಹಿಂದೆ ನಡೆಯುತ್ತಿದ್ದೆ. ಇಲ್ಲಿ ತಿರುಗುತ್ತದೆ ಎಂದುಕೊಂಡಲ್ಲಿ ಅದು ತಿರುಗುತ್ತಿರಲಿಲ್ಲ, ಇನ್ನು ಮುಗಿಯಿತು ಎಂದಲ್ಲಿ ಮತ್ತೊಂದು ಎಲೆ ಹುಟ್ಟುತ್ತಿತ್ತು. ಯಾವ ಲೆಕ್ಕಕ್ಕೂ ಕೂರದ ಆ ಬಾಗು ಅವನಿಗೆ ಎಲ್ಲಿಂದ ಹೊಳೆಯಿತು, ನಾನೂ ಅದೇ ಆಯಿಯ ಮಗನಲ್ಲವೇ ಎಂದು ಎಷ್ಟು ಸಲ ಅನ್ನಿಸಿತೋ. ಒಂದು ಎಲೆಯ ತುದಿ ಮಾತ್ರ ಮೊಂಡಾಗಿತ್ತು. ಅದು ತಪ್ಪೋ, ಬೇಕೆಂದೇ ಹಾಗೆ ಬರೆದದ್ದೋ ನನಗೆ ತಿಳಿಯಲಿಲ್ಲ. ಫೋನು ಮಾಡಿ ಕೇಳಲು ಅಭಿಮಾನ ಅಡ್ಡ ಬಂತು. ಇದ್ದ ಹಾಗೇ ಬಿಟ್ಟೆ.

ಮಶೀನು ಕೊರೆಯಿತು. ಕಂಬಕ್ಕೆ, ಕಮಾನಿಗೆ, ಪೀಠಕ್ಕೆ, ಎಡಕ್ಕೊಂದು ಬಲಕ್ಕೊಂದು, ಅದೇ ಬಳ್ಳಿ ಮತ್ತೆ ಮತ್ತೆ. ಒಂದರ ಮೇಲೊಂದು ಇಟ್ಟರೆ ಕೂದಲಷ್ಟೂ ಹೆಚ್ಚುಕಮ್ಮಿ ಇಲ್ಲ. ಇದು ಮಂಜುವಿನ ಕೈಯಲ್ಲಿ ಸಾಧ್ಯವಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಟೆಂಪೋದಲ್ಲಿ ಹಾಕಿಕೊಂಡು ಊರಿಗೆ ಹೋದೆ.

ಚೌತಿಯ ದಿನ ಮಖರ ನಿಂತಾಗ ನಿಜಕ್ಕೂ ಅದರಷ್ಟು ಚೆಂದದ್ದು ನಮ್ಮ ಮನೆಯಲ್ಲಿ ಹಿಂದೆ ಆಗಿರಲಿಲ್ಲ. ಈ ಸಲ ವಯರು ಎಳೆದವನು ಮಂಜು. ನಾನು ಮುಂದಿನ ಬಾಗಿಲ ಹತ್ತಿರ, ಬಂದವರ ಮುಖ ಕಾಣುವ ಜಾಗದಲ್ಲಿ ನಿಂತೆ. ಮೊದಲು ಬಂದದ್ದು ಬೀರಣ್ಣ ದೊಡ್ಡಪ್ಪ. ಗಣಪತಿಗೆ ಕೈಮುಗಿದು, ಕನ್ನಡಕ ಸರಿಮಾಡಿಕೊಂಡು, ಮಖರದ ಹತ್ತಿರ ಹೋಗಿ ನೋಡಿದರು.

"ಮಂಜು, ಈ ವರ್ಷ ಕೈ ಮತ್ತೂ ಪಳಗ್ಯದೆ ನೋಡು" ಎಂದರು.

ಮಂಜು ಮಖರದ ಹಿಂದಿನಿಂದ ತಲೆ ಹೊರಹಾಕಿದ. "ನಾ ಅಲ್ಲ ದೊಡ್ಡಪ್ಪ. ಅಣ್ಣಂದು. ಕಾರವಾರದಲ್ಲಿ ಮಶೀನ್ ಕಟ್ಯಾನೆ, ಅದೇ ಕೊರೂದು."

"ಮಶೀನು ಕೊರೀತು, ಸರಿ. ಬಳ್ಳಿ ಮಶೀನು ಬರೀತಾ? ಇದು ನಿನ್ ಕೈ. ಈ ಎಲೆ ಕಾಣು, ತುದಿ ಹುಳ ತಿಂದ ಹಾಂಗೆ ಬರ್ದ್ಯಲ್ಲ, ಅದು ಯಾರಿಗೂ ಹೊಳೂದಿಲ್ಲ."

ಮಂಜು ನಕ್ಕ. "ಅದು ಹುಳ ತಿಂದದ್ದಲ್ಲ. ಆಯಿ ಊಟಕ್ಕೆ ಕರೀತು, ಕೈ ಜಾರ್ತು. ನಂದು ಒಂದ್ಸಲ ಜಾರಿದ್ದು. ಮಶೀನು ಎಲ್ಲಾ ಕಡೆ ಜಾರ್ಯದೆ."

ಆಯಿಯೂ ನಕ್ಕಳು, ದೊಡ್ಡಪ್ಪನೂ ನಕ್ಕರು. ಅವತ್ತು ಬಂದವರೆಲ್ಲ ಆ ಮೊಂಡು ಎಲೆಯ ಕತೆ ಕೇಳಿ, ಅದನ್ನು ಹುಡುಕಿ ನೋಡಿ, ಮುಂದಿನ ಮನೆಗೆ ಹೋಗಿ ಅದನ್ನೇ ಹೇಳಿದರು. ಮಂಜು ಬೇಸರವಿಲ್ಲದೆ ಪ್ರತಿಯೊಬ್ಬರಿಗೂ ನನ್ನ ಮಶೀನಿನ ವರ್ಣನೆ ಮಾಡಿದ, ಅರ್ಧ ತಪ್ಪು ತಪ್ಪಾಗಿ. ಜನ "ಹೌದಾ" ಎಂದು ನನ್ನ ಕಡೆ ಒಮ್ಮೆ ನೋಡಿ, ಮತ್ತೆ ಬಳ್ಳಿಯ ಕಡೆ ತಿರುಗುತ್ತಿದ್ದರು. ಅವನು ಹೊಗಳಿದಷ್ಟೂ ನನಗೆ ಉರಿಯುತ್ತಿತ್ತು. ಇಡೀ ಮಳೆಗಾಲ ಎಣ್ಣೆ, ಹೊಗೆ, ಹುಡಿಯಲ್ಲಿ ಬಿದ್ದು ನಾನು ಕಟ್ಟಿದ್ದು, ಅವನ ಒಂದು ಗೆರೆಯನ್ನು ಹತ್ತು ಕಡೆ ತೋರಿಸುವ ಮಶೀನನ್ನು. ಸಂಜೆ ಗಣಪತಿಯನ್ನು ಹೊಳೆಗೆ ಬಿಟ್ಟು ಬಂದ ಮೇಲೆ ನಾನು ಮಖರದ ಹತ್ತಿರ ಸುಳಿಯಲಿಲ್ಲ.

ಹಬ್ಬ ಮುಗಿದು, ಮಳೆ ಇಳಿಮುಖವಾಗಿ, ಬೋಟುಗಳೆಲ್ಲ ಕಡಲಿಗೆ ಹೋದ ಮೇಲೆ ಒಂದು ಭಾನುವಾರ ಮಂಜು ಕೋಡಿಬಾಗಕ್ಕೆ ಬಂದ. ಮಶೀನನ್ನು ಅವನು ಕಣ್ಣಾರೆ ನೋಡಿದ್ದು ಅಂದೇ ಮೊದಲು. ನಾನು ಹೆಚ್ಚು ಮಾತಾಡದೆ ಒಂದು ಶೀಟು ಸಿಕ್ಕಿಸಿ ಚಾಲೂ ಮಾಡಿದೆ. ಅವನು ಚಪ್ಪಲಿ ಕಳಚಿ, ನೆಲಕ್ಕೆ ಕೂತು, ಮೊಣಕಾಲು ಅಪ್ಪಿಕೊಂಡು ನೋಡಿದ. ಕೊರೆಯುವ ಮೊನೆ ಇಳಿಯಿತು, ಓಡಿತು, ತಿರುಗಿತು, ಏರಿತು. ಬಳ್ಳಿ ಮುಗಿಯುವವರೆಗೆ ಅವನು ಎದ್ದೇಳಲಿಲ್ಲ. ಅವನ ಮುಖ ಸಣ್ಣದಾಗಿತ್ತು.

"ಅಣ್ಣ, ಒಂದು ಹೇಳ್ಲಾ?" ಎಂದ. "ನಂಗೆ ನಿನ್ ಮೇಲೆ ಹೊಟ್ಟೆಕಿಚ್ಚಾತು."

ನಾನು ಮಶೀನಿನ ಸ್ವಿಚ್ಚು ಆರಿಸಿದೆ.

"ಇವತ್ತಲ್ಲ, ಮಳೆಗಾಲದುದ್ದಕ್ಕೂ. ನಾ ಬರೂದು ಒಂದ್ಸಲ ಬಂದ್ರೆ ಬಂತು, ಹಾಳಾದ್ರೆ ಹಾಳಾತು. ಅದ್ನ ರಿಪೇರಿ ಮಾಡೂಕೆ ನಂಗೆ ಬರೂದಿಲ್ಲ, ಬಿಸಾಡ್ತೆ. ನೀ ಕಟ್ಟಿದ್ದು ಸೊಟ್ಟ ಆತು, ಬಿಚ್ಚಿದೆ, ಮತ್ತೆ ಕಟ್ಟಿದೆ. ಅತ್ಗೆ ಫೋನಲ್ಲಿ ಹೇಳ್ದಾಗೆಲ್ಲಾ ನಂಗೆ ಹೊಟ್ಟೆ ಉರೀತಿತ್ತು. ಇಂವಂಗೆ ಇಷ್ಟ್ ತಾಳ್ಮೆ ಎಲ್ಲಿಂದ ಬಂತು, ನಾನೂ ಅದೇ ಆಯಿಯ ಮಗ ಅಲ್ವಾ ಅಂತ. ಆಯಿ ಹತ್ರ ಹೇಳ್ದೆ. ಆಯಿ ನಗಾಡ್ತು."

ಹೊಟ್ಟೆನೋವಿನ ಸುದ್ದಿ ಹೇಳಿದಷ್ಟೇ ಸಲೀಸಾಗಿ ಹೇಳಿ ಮುಗಿಸಿದ. ನಾನು ಇಷ್ಟು ವರ್ಷ ಕಾದಿದ್ದದ್ದು ಇದಕ್ಕೇ. ಬಂದದ್ದು ಹೀಗೆ, ಹಗಲು ಹೊತ್ತಿನಲ್ಲಿ, ಚಪ್ಪಲಿ ಕಳಚಿಟ್ಟು ಕೂತವನ ಬಾಯಿಂದ. ನಾನು ಕೊರೆದ ಶೀಟನ್ನು ಬಿಚ್ಚಿ ಹುಡಿ ಕೊಡವಿದೆ.

"ನಿಂಗೆ ನನ್ ಮೇಲೆ ಯಾವಾಗ್ಲಾದ್ರೂ ಹಾಂಗೆ ಆಯ್ದಾ?" ಎಂದು ಕೇಳಿದ.

"ಇಲ್ವೋ" ಎಂದೆ. "ನಂಗೆಂತಕೆ ಆಗ್ತದೆ."

"ಹೌದು, ನಿಂಗೆಂತಕೆ ಆಗ್ತದೆ" ಎಂದು ಅವನು ಒಪ್ಪಿಕೊಂಡ. ಒಪ್ಪಿಕೊಂಡ ಮೇಲೆ ಅವನ ಮುಖ ಮೊದಲಿನಂತೆ ಅಗಲವಾಯಿತು. ಶೈಲಾ ಮಾಡಿದ ಬಂಗಡೆ ಸಾರನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡ. ಉಂಡು ಬಂದು ಜಗುಲಿಯಲ್ಲಿ, ಮಶೀನಿನ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದವನಿಗೆ ತಲೆ ಇಟ್ಟ ಕೂಡಲೇ ನಿದ್ದೆ ಹತ್ತಿತು.

ನಾನು ಅವನನ್ನು ನೋಡುತ್ತ ನಿಂತೆ. ಹೊಟ್ಟೆಕಿಚ್ಚು ಅವನಿಗೂ ಇತ್ತು, ನನಗೂ ಇತ್ತು. ಅವನು ಅದನ್ನು ಒಂದು ಮಾತಿನಲ್ಲಿ ಹೇಳಿ, ಮೀನು ತಿಂದು, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಅವನೇ ಕೇಳಿದರೂ ಇಲ್ಲ ಎಂದು ಸುಳ್ಳು ಹೇಳಿದ ನಾನು ನಿದ್ದೆಯಿಲ್ಲದೆ ನಿಂತಿದ್ದೆ. ಇದರಲ್ಲೂ ಅವನೇ ಮುಂದೆ. ತಡೆಯಲಾಗಲಿಲ್ಲ. ಅವನಿಗೆ ಎಚ್ಚರವಾಗಲಿ ಎಂದೇ ಇನ್ನೊಂದು ಶೀಟು ಸಿಕ್ಕಿಸಿ, ಮಶೀನನ್ನು ಇದ್ದಷ್ಟೂ ಜೋರಿನಲ್ಲಿ ಬಿಟ್ಟೆ. ತಗಡು ನಡುಗಿತು, ಪಕ್ಕದ ಮನೆಯ ನಾಯಿ ಬೊಗಳಿತು, ಒಳಗಿಂದ ಶೈಲಾ ಏನೆಂದು ನೋಡಲು ಬಂದಳು. ಅವನು ಮಗ್ಗುಲು ಕೂಡ ಬದಲಿಸಲಿಲ್ಲ.